ಹ್ಯಾಸೆಲ್ಟ್: ಟಿಕೆಟ್ ಇಲ್ಲದ ಬಸ್ಸಿನ ಏಳುಬೀಳು

ಬೆಲ್ಜಿಯಂನ ಈಶಾನ್ಯ ಭಾಗದಲ್ಲಿರುವ ಹ್ಯಾಸೆಲ್ಟ್, ಲಿಂಬರ್ಗ್ ಪ್ರಾಂತ್ಯದ ರಾಜಧಾನಿ. ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಈ ವಿಶ್ವವಿದ್ಯಾಲಯ ನಗರ ಜಗತ್ತಿನ ಗಮನ ಸೆಳೆದದ್ದು ಉಚಿತ ಬಸ್ ಸೇವೆಯಿಂದ.

1990ರ ದಶಕದಲ್ಲಿ ಕಾರುಗಳ ದಟ್ಟಣೆ ಇಲ್ಲಿನ ರಸ್ತೆಗಳನ್ನು ಕಟ್ಟಿಹಾಕಿತ್ತು. ಮತ್ತೊಂದು ವರ್ತುಲ ರಸ್ತೆ ನಿರ್ಮಿಸುವ ಬದಲು ಬಸ್ಸುಗಳನ್ನು ಹೆಚ್ಚಿಸುವ ಹಾದಿಯನ್ನು ಅಂದಿನ ಮೇಯರ್ ಸ್ಟೀವ್ ಸ್ಟೆವಾರ್ಟ್ ಆಯ್ದುಕೊಂಡರು. 1997ರ ಜುಲೈ 1ರಿಂದ ನಗರ ಬಸ್ಸುಗಳಲ್ಲಿ ಊರಿನವರು, ಹೊರಗಿನವರೆನ್ನದೆ ಎಲ್ಲರಿಗೂ ಪ್ರಯಾಣ ಉಚಿತವಾಯಿತು. ಬಸ್ಸುಗಳನ್ನು ಓಡಿಸುತ್ತಿದ್ದ ಫ್ಲಾಂಡರ್ಸ್ ಪ್ರದೇಶದ ಸಾರ್ವಜನಿಕ ಸಾರಿಗೆ ಸಂಸ್ಥೆ ‘ಡೆ ಲೈನ್’ಗೆ ಪ್ರಯಾಣಿಕರ ಪರವಾಗಿ ನಗರಾಡಳಿತವೇ ಹಣ ಪಾವತಿಸತೊಡಗಿತು. ಒಳವರ್ತುಲ ರಸ್ತೆಯಲ್ಲಿ ವಾಹನಗಳ ಜಾಗ ಕಿರಿದಾಗಿ, ಮರಗಳ ಸಾಲು ಹಾಗೂ ಪಾದಚಾರಿ ಮಾರ್ಗ ತಲೆಯೆತ್ತಿದವು.

ಅದಕ್ಕೆ ಮೊದಲು ಬಸ್ಸುಗಳೂ ಕಡಿಮೆ, ಪ್ರಯಾಣಿಕರೂ ವಿರಳ. ಹೀಗಾಗಿ ಟಿಕೆಟ್ ಆದಾಯವನ್ನು ಬಿಟ್ಟುಕೊಡುವುದು ದೊಡ್ಡ ನಷ್ಟವೆನಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಪ್ರಯಾಣಿಕರ ಸಂಖ್ಯೆ ಹತ್ತು ಪಟ್ಟಿಗೂ ಮೀರಿ ಏರಿತು. ಉಚಿತ ಪ್ರಯಾಣದೊಂದಿಗೆ ಹೆಚ್ಚಿದ ಮಾರ್ಗಗಳು ಹಾಗೂ ಮೇಲಿಂದ ಮೇಲೆ ಬರುವ ಬಸ್ಸುಗಳೂ ಇದಕ್ಕೆ ಕಾರಣವಾಗಿದ್ದವು.

ಆದರೆ ಯಶಸ್ಸೇ ಹೊರೆಯಾಯಿತು. ಜನ ಹೆಚ್ಚಿದಷ್ಟೂ ಬಸ್ಸು, ಚಾಲಕ, ಇಂಧನದ ವೆಚ್ಚ ಬೆಳೆಯಿತು; ಅದನ್ನು ತುಂಬಲು ಟಿಕೆಟ್ ಹಣವಿರಲಿಲ್ಲ. ಬೊಕ್ಕಸಕ್ಕೆ ಭಾರವಾದ ಈ ವ್ಯವಸ್ಥೆಯನ್ನು ಕೈಬಿಡಲು 2013ರಲ್ಲಿ ನಗರಾಡಳಿತ ನಿರ್ಧರಿಸಿತು. ವಯಸ್ಕರಿಗೆ ಅಲ್ಪ ದರದ ಟಿಕೆಟ್ ಮರಳಿತು; ಕಿರಿಯರಿಗೆ ಉಚಿತ ಪ್ರಯಾಣ ಉಳಿಯಿತು.

ಪ್ರಯಾಣಿಕ ಕೊಡದ ಹಣವನ್ನು ಮತ್ತೊಬ್ಬರು ತೆರಲೇಬೇಕು. ಆ ಹೊಣೆ ಯಾರದು, ಎಷ್ಟು ಕಾಲ ಎಂಬುದು ಆರಂಭದಲ್ಲೇ ಇತ್ಯರ್ಥವಾಗಬೇಕೆಂಬುದು ಹ್ಯಾಸೆಲ್ಟ್ ನೀಡುವ ಪಾಠ.