ಫ್ಲಶ್ ಆದಮೇಲೆ ಎಲ್ಲಿಗೆ? ಹಡಗಿನ ಕಕ್ಕಸಿನಿಂದ ನಮ್ಮ ಬೀದಿಯ ಮ್ಯಾನ್‌ಹೋಲ್‌ವರೆಗೆ

ಊಟ ಮಾಡ್ತಾ ಕೇಳ್ತಿದ್ದೀರಾ? ಹಾಗಾದ್ರೆ ಈ ಸಂಚಿಕೆಯನ್ನ ಆಮೇಲೆ ಹಾಕ್ಕೊಳ್ಳಿ. ಇವತ್ತು ಹೇಳ್ತಿರೋದು ಕಕ್ಕಸಿನ ಇತಿಹಾಸ.

ಕಳೆದ ಮಳೆಗಾಲದಲ್ಲಿ ಬಸವೇಶ್ವರನಗರದ ನಮ್ಮ ಬೀದೀಲಿ ಮ್ಯಾನ್‌ಹೋಲ್ ಉಕ್ಕಿ ಹರೀತು. ಹಾವನೂರು ಸರ್ಕಲ್‌ನಿಂದ ಮನೆಗೆ ಬರೋವಾಗ ಮೂಗು ಮುಚ್ಕೊಂಡೇ ಬರಬೇಕು. ಎದುರು ಮನೆ ಅಂಕಲ್ ಒಂದು ಮಾತು ಅಂದ್ರು: "ಯಾರನ್ನಾದ್ರೂ ಕರೆದು ಒಳಗೆ ಇಳಿಸ್ರಪ್ಪಾ, ಸಾವಿರ ರೂಪಾಯಿ ಕೊಟ್ರೆ ಇಳೀತಾರೆ." ಪುಣ್ಯಕ್ಕೆ ಯಾರೂ ಇಳಿಯೋ ಪ್ರಸಂಗ ಬರಲಿಲ್ಲ. ಜೆಟ್ಟಿಂಗ್ ಗಾಡಿ ಬಂತು. ಪೈಪಿನಿಂದ ಹೊರಗೆ ಬಂದದ್ದು ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್, ಒಂದು ನೆಲ ಒರೆಸೋ ಬಟ್ಟೆ. ಎಲ್ಲವೂ ನಮ್ಮನಮ್ಮ ಮನೆಯವೇ.

"ಇಳಿಸ್ರಪ್ಪಾ" ಅನ್ನೋ ಆ ಪದ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಅಷ್ಟು ಸಲೀಸಾಗಿ ಹೇಗೆ ಬಂತು ಆ ಮಾತು? ಉತ್ತರ ಹುಡುಕೋಕೆ ಮೊದಲು ಸಮುದ್ರಕ್ಕೆ ಹೋಗೋಣ. ಯಾಕಂದ್ರೆ ಕಕ್ಕಸನ್ನ ಜೀವದಷ್ಟು ಜೋಪಾನ ಮಾಡೋ ಜನ ಅಂದ್ರೆ ಹಡಗಿನವರು.

ಹಾಯಿಹಡಗಿನ ಕಾಲದಲ್ಲಿ ನಾವಿಕರ ಕಕ್ಕಸು ಹಡಗಿನ ಮುಂತುದಿಯಲ್ಲಿ ಇರ್ತಿತ್ತು. ಒಂದು ಹಲಗೆ, ಅದರಲ್ಲೊಂದು ತೂತು, ಕೆಳಗೆ ಸಮುದ್ರ. ಅಲೆ ಬಂದು ಬಡಿದರೆ ಅದೇ ಫ್ಲಶ್. ಆಮೇಲೆ ಕಕ್ಕಸು ಹಡಗಿನ ಒಳಗೆ ಬಂತು. ನೀರಿನ ಮಟ್ಟಕ್ಕಿಂತ ಕೆಳಗೆ ಬಂದಾಗ ಅದು ಅಪಾಯವೂ ಆಯ್ತು. ಫ್ಲಶ್ ಮಾಡ್ಬೇಕು ಅಂದ್ರೆ ಹಡಗಿನ ಗೋಡೆಗೆ ತೂತು ಬೇಕಲ್ವಾ? ಹೊಲಸು ಹೊರಗೆ ಹೋಗೋ ದಾರಿಯಲ್ಲೇ ಸಮುದ್ರ ಒಳಗೆ ಬರಬಹುದು.

1945ರ ಏಪ್ರಿಲ್ 14ರಂದು ಹಾಗೇ ಆಯ್ತು. ಎರಡನೇ ಮಹಾಯುದ್ಧದ ಕೊನೆಯ ದಿನಗಳು. ಯು-1206 ಅನ್ನೋ ಜರ್ಮನ್ ಜಲಾಂತರ್ಗಾಮಿ ಸ್ಕಾಟ್‌ಲೆಂಡ್ ಕರಾವಳಿಯ ಹತ್ತಿರ ನೀರೊಳಗಿತ್ತು. ಅದರಲ್ಲಿದ್ದದ್ದು ಆಳದಲ್ಲೂ ಫ್ಲಶ್ ಮಾಡಬಹುದಾದ ಹೊಸ ಟಾಯ್ಲೆಟ್. ವಾಲ್ವ್‌ಗಳನ್ನ ಸರಿಯಾದ ಕ್ರಮದಲ್ಲಿ ತಿರುಗಿಸೋದಕ್ಕೆ ತರಬೇತಿಯೇ ಬೇಕಿತ್ತು. ಅಲ್ಲಿ ಎಡವಟ್ಟಾಗಿ ಸಮುದ್ರದ ನೀರು ಒಳಗೆ ನುಗ್ಗಿತು, ಬ್ಯಾಟರಿಗಳಿಗೆ ತಗುಲಿ ವಿಷಕಾರಿ ಕ್ಲೋರಿನ್ ಅನಿಲ ಎದ್ದಿತು. ಉಸಿರಾಡೋಕೆ ಮೇಲೆ ಬರಲೇಬೇಕಾಯ್ತು, ಬಂದ ಕೂಡಲೇ ಶತ್ರು ವಿಮಾನ ಕಂಡುಹಿಡೀತು. ಕೊನೆಗೆ ಸಿಬ್ಬಂದಿಯೇ ಹಡಗನ್ನ ಮುಳುಗಿಸಿದ್ರು. ನಾಲ್ವರು ಸತ್ತರು.

ಈಗಿನ ಸಣ್ಣ ಬೋಟುಗಳ ಟಾಯ್ಲೆಟ್ ಇಷ್ಟು ಭಯಂಕರ ಅಲ್ಲ. ಒಂದು ಕೈಪಂಪು, ನೀರು ಒಳಬಿಡೋ ಒಂದು ವಾಲ್ವ್, ಹೋದದ್ದು ವಾಪಸ್ ಬರದಂತೆ ತಡೆಯೋಕೆ ಬಾತುಕೋಳಿ ಕೊಕ್ಕಿನ ಥರದ ಒಂದು ರಬ್ಬರ್ ವಾಲ್ವ್, ಆಮೇಲೊಂದು ಟ್ಯಾಂಕ್. ಇದರ ದೊಡ್ಡ ಶತ್ರು ಸುಣ್ಣ. ಉಪ್ಪುನೀರು ಮತ್ತು ಮೂತ್ರ ಸೇರಿದರೆ ಪೈಪಿನ ಒಳಗೋಡೆಗೆ ಗಟ್ಟಿ ಪದರ ಕಟ್ಟುತ್ತೆ, ದಾರಿ ದಿನೇದಿನೇ ಕಿರಿದಾಗುತ್ತೆ. ಅದಕ್ಕೇ ಬೋಟಿನವರು ನಾಲ್ಕಾರು ಸಲ ಹೆಚ್ಚಿಗೆ ಪಂಪ್ ಹೊಡೀತಾರೆ, ಆಗಾಗ ವಿನೆಗರ್ ಬಿಡ್ತಾರೆ, ರಬ್ಬರ್ ವಾಲ್ವ್ ಹಳೇದಾದರೆ ಬದಲಾಯಿಸ್ತಾರೆ. ಅವರದ್ದೊಂದು ನಿಯಮ ಇದೆ: ಮೊದಲು ತಿಂದದ್ದನ್ನ ಬಿಟ್ಟು ಬೇರೇನನ್ನೂ ಇದಕ್ಕೆ ಹಾಕಬೇಡಿ.

ಉದಾಸೀನ ಮಾಡಿದರೆ ಎಷ್ಟು ದುಬಾರಿ ಅನ್ನೋದಕ್ಕೆ ಅಮೆರಿಕದ ಯುದ್ಧನೌಕೆ ಜೆರಾಲ್ಡ್ ಫೋರ್ಡ್ ನೋಡಿ. ಅಲ್ಲಿನ ಕಕ್ಕಸಿನ ಪೈಪುಗಳು ಪದೇಪದೇ ಕಟ್ಟಿಕೊಳ್ತವೆ. ಆಸಿಡ್ ಬಿಟ್ಟು ಒಮ್ಮೆ ತೊಳೆಸೋಕೆ ಸುಮಾರು 4 ಲಕ್ಷ ಡಾಲರ್ ಖರ್ಚು ಅಂತ ಅಲ್ಲಿನ ಲೆಕ್ಕಪರಿಶೋಧಕರೇ 2020ರಲ್ಲಿ ವರದಿ ಮಾಡಿದ್ರು.

ಬೋಟಿನಲ್ಲಿ ಇಷ್ಟು ಎಚ್ಚರ ಯಾಕೆ ಗೊತ್ತಾ? ಕಟ್ಟಿಕೊಂಡರೆ ಬಿಚ್ಚೋದು ಯಾರೋ ಅಲ್ಲ, ಅವರೇ. ನಡುಸಮುದ್ರದಲ್ಲಿ ಕೂಗಿದರೆ ಯಾರು ಬರ್ತಾರೆ?

ಊರಿನಲ್ಲಿ ಕೂಗಿದರೆ ಬರ್ತಿದ್ರು. ಅದೇ ವ್ಯತ್ಯಾಸ.

1898ರ ಪ್ಲೇಗ್ ಆದಮೇಲೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಅಲ್ಲಿ ಮನೆಗಳ ಹಿಂದೆ ಸಣ್ಣ ಗಲ್ಲಿಗಳಿವೆ, ನೋಡಿರ್ತೀರಿ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ. ಅವುಗಳ ಹೆಸರು ಕನ್ಸರ್ವೆನ್ಸಿ ಗಲ್ಲಿ. ಮುಂದಿನ ಬಾಗಿಲಿಗೆ ಬರೋ ಹಕ್ಕಿಲ್ಲದ ಜನ ಹಿಂದಿನಿಂದ ಬಂದು ಮಲದ ಬುಟ್ಟಿ ಹೊತ್ತು ಹೋಗೋ ದಾರಿ ಅದು. ಬೋಟಿನ ಕೈಪಂಪು ಮಾಡೋ ಕೆಲಸವನ್ನ ಇಲ್ಲಿ ಮನುಷ್ಯರ ತಲೆ ಮಾಡ್ತಿತ್ತು. ಯಾರ ತಲೆ ಅನ್ನೋದನ್ನ ಜಾತಿ ನಿರ್ಧರಿಸ್ತಿತ್ತು.

1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ, ತಲೆ ಮೇಲೆ ಮಲ ಹೊರೋದನ್ನ ರಾಜ್ಯದಲ್ಲಿ ನಿಷೇಧಿಸಿದ್ರು. ದೇಶಮಟ್ಟದ ಕಾನೂನು ಬಂದದ್ದು 1993ರಲ್ಲಿ. ಅಂದ್ರೆ ಕರ್ನಾಟಕ ಸುಮಾರು ಇಪ್ಪತ್ತು ವರ್ಷ ಮುಂದಿತ್ತು. ಆದ್ರೆ ಬಸವಲಿಂಗಪ್ಪ ಅಂದ ಕೂಡಲೇ ಜನಕ್ಕೆ ನೆನಪಾಗೋದು 1973ರ 'ಬೂಸಾ' ಗಲಾಟೆ. ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಒಂದು ಮಾತಿಗೆ ಅವರು ಮಂತ್ರಿಗಿರಿ ಕಳ್ಕೊಂಡ್ರು. ಆ ಮಾತು ಇವತ್ತಿಗೂ ಚರ್ಚೆಯಲ್ಲಿದೆ. ತಲೆ ಮೇಲಿನ ಬುಟ್ಟಿ ಇಳಿಸಿದ್ದು ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಆದೇಶ ಬಂದ ಮಾತ್ರಕ್ಕೆ ಪದ್ಧತಿ ಸಾಯಲಿಲ್ಲ. ಕೆಜಿಎಫ್‌ನಲ್ಲಿ ಇದೇ ಕೆಲಸ ಮಾಡ್ತಿದ್ದ ಕುಟುಂಬದಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಚಿನ್ನದ ಊರಿನಲ್ಲಿ 1980ರ ದಶಕದಲ್ಲೂ ಒಣ ಕಕ್ಕಸುಗಳಿದ್ದವು. ಅದರ ವಿರುದ್ಧ ಅಲ್ಲೇ ಹೋರಾಟ ಶುರುಮಾಡಿ, 1994ರಲ್ಲಿ ಇತರರ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಆಂದೋಲನದ ಪ್ರಕರಣದಲ್ಲೇ 2014ರಲ್ಲಿ ಸುಪ್ರೀಂ ಕೋರ್ಟ್, ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ಪರಿಹಾರ ಏರಿಸಬೇಕಾಯ್ತು ಅಂದ್ರೆ ಸಾವು ನಿಂತಿಲ್ಲ ಅಂತಲೇ ಅರ್ಥ.

ಈಗ ನಮ್ಮ ಬೀದಿಗೆ ವಾಪಸ್ ಬರೋಣ. ಬಸವೇಶ್ವರನಗರ ವೃಷಭಾವತಿ ಕಣಿವೆಯಲ್ಲಿದೆ. ನಮ್ಮ ಫ್ಲಶ್ ನೀರು ಮೈಸೂರು ರಸ್ತೆ ಕಡೆಯ ಸಂಸ್ಕರಣಾ ಘಟಕಕ್ಕೆ ಹೋಗಬೇಕು. ಪೈಪ್ ಕಟ್ಟಿಕೊಂಡು ಉಕ್ಕಿದರೆ ಸೀದಾ ರಾಜಕಾಲುವೆ. ಅಲ್ಲಿಂದ ವೃಷಭಾವತಿ, ಕೆಂಗೇರಿ ದಾಟಿ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ, ಕೊನೆಗೆ ಬಂಗಾಳ ಕೊಲ್ಲಿ. ನಾವೂ ಹಾಯಿಹಡಗಿನವರ ಥರ ಸಮುದ್ರಕ್ಕೇ ಬಿಡ್ತಿದ್ದೀವಿ, ಪೈಪು ಸ್ವಲ್ಪ ಉದ್ದ ಅಷ್ಟೇ. ಹಡಗುಗಳಿಗಾದ್ರೂ ಅಂತರರಾಷ್ಟ್ರೀಯ ನಿಯಮ ಇದೆ: ಸಂಸ್ಕರಿಸದ ಹೊಲಸನ್ನ ದಡದಿಂದ 12 ನಾಟಿಕಲ್ ಮೈಲಿ ಒಳಗೆ ಬಿಡೋ ಹಾಗಿಲ್ಲ.

2013ರ ಕಾನೂನಿನ ಪ್ರಕಾರ, ಸುರಕ್ಷತಾ ಸಾಧನಗಳಿಲ್ಲದೆ ಯಾರನ್ನೂ ಮ್ಯಾನ್‌ಹೋಲ್‌ಗೆ ಇಳಿಸೋದು ಅಪರಾಧ. ಸಾವಿರ ಕೊಡ್ತೀನಿ ಅಂದ್ರೂ, ಅವರೇ ಒಪ್ಪಿದರೂ ಅಪರಾಧವೇ. ಅಲ್ಲಿರೋ ಅನಿಲ ಕೆಲವೇ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತೆ. ಎತ್ತೋಕೆ ಇಳಿದ ಎರಡನೆಯವರೂ ಬದುಕೋದು ಕಷ್ಟ.

ಹಾಗಾಗಿ ನಿಮ್ಮ ಬೀದೀಲಿ ಉಕ್ಕಿದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಗಾಡಿ ಬರೋವರೆಗೂ ಕಾಯಿರಿ. ಯಾರಾದ್ರೂ "ಇಳಿಸ್ರಪ್ಪಾ" ಅಂದ್ರೆ "ಬೇಡ ಅಂಕಲ್" ಅನ್ನಿ. ಅವತ್ತು ನಾನು ಅನ್ನಲಿಲ್ಲ, ಸುಮ್ಮನೆ ನಿಂತಿದ್ದೆ. ಆಮೇಲೆ ಮನೆಗೆ ಬಂದು, ಬಾತ್‌ರೂಮಿನ ಮೂಲೆಗೆ ಮುಚ್ಚಳದ ಒಂದು ಡಬ್ಬಿ ಇಟ್ಟೆ. ಬೋಟಿನವರ ನಿಯಮ ಈಗ ನಮ್ಮನೆಯಲ್ಲೂ ಇದೆ.

ಮತ್ತೆ ಸಿಗೋಣ.