ಪರೀಕ್ಷೆ ಇಟ್ಟರೆ ಸಾಕೇ?

ಮೊನ್ನೆ ಮನ್ಮನೆಗೆ ಹೋಗಿದ್ದಾಗ ಜಗಲಿಯಲ್ಲಿ ಕವಳ ಹಾಕುತ್ತ ದೊಡ್ಡಪ್ಪ ಹೇಳಿದ: "ತಮಾ, ಮೊದ್ಲೆಲ್ಲ ಓದ್ದವಂಗೆ ಸರ್ಕಾರಿ ನೌಕರಿ ಸಿಗ್ತಿತ್ತು. ಈಗ ಜಾತಿ ನೋಡ್ತ."

ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದವನು. ಈ 'ಮೊದಲು' ಅಂದ್ರೆ ಯಾವಾಗ ಅಂತ ಹುಡುಕಿದಾಗ ಎರಡು ದೇಶಗಳ ಕತೆ ಸಿಕ್ಕಿತು.

ಮೊದಲು ಇಂಗ್ಲೆಂಡ್. 1850ರ ಸುಮಾರಿಗೆ ಅಲ್ಲಿ ಸರ್ಕಾರಿ ಕೆಲಸ ಸಿಗುತ್ತಿದ್ದುದು ವಶೀಲಿಯಿಂದ. ನಾರ್ತ್‌ಕೋಟ್ ಮತ್ತು ಟ್ರೆವೆಲಿಯನ್ ಬರೆದ ವರದಿ 1854ರಲ್ಲಿ ಪ್ರಕಟವಾಯಿತು. ಸ್ಪರ್ಧಾತ್ಮಕ ಪರೀಕ್ಷೆ ಇಡಿ ಅಂತ ಅದರ ಸಲಹೆ. ವಿರೋಧ ಎಷ್ಟಿತ್ತು ಅಂದ್ರೆ, ಹೆಚ್ಚಿನ ಇಲಾಖೆಗಳಿಗೆ ಮುಕ್ತ ಪರೀಕ್ಷೆ ಬಂದಿದ್ದು 1870ರಲ್ಲಿ. ಆಗಲೂ ವಿದೇಶಾಂಗ ಇಲಾಖೆ ಹೊರಗೇ ಉಳಿಯಿತು!

ಇನ್ನು ನಮ್ಮ ಕಡೆ. 1862ರಿಂದ ಸಿರ್ಸಿ, ಸಿದ್ದಾಪುರ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ನಮ್ಮ ಜಿಲ್ಲೆಗೆ ಐಸಿಎಸ್ ಕಲೆಕ್ಟರ್ ಆಗಬೇಕೆಂದರೆ ಲಂಡನ್ನಿಗೆ ಹೋಗಿ ಪರೀಕ್ಷೆ ಬರೆಯಬೇಕು. ಇಂಡಿಯಾದಲ್ಲೇ ಬರೆಯುವ ಅವಕಾಶ ಬಂದಿದ್ದು 1922ರಲ್ಲಿ. ಪರೀಕ್ಷೆ ಎಲ್ಲರಿಗೂ ಮುಕ್ತ, ಆದರೆ ಹಡಗಿನ ದುಡ್ಡು ಯಾರ ಹತ್ತಿರ ಇತ್ತು?

ಪಕ್ಕದ ಸಾಗರ, ಸೊರಬ ಮೈಸೂರು ಸಂಸ್ಥಾನ. ಅಲ್ಲಿ ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಒಳ್ಳೆಯದೇ. ಆದರೆ ಇಂಗ್ಲಿಷ್ ಓದನ್ನು ಮೊದಲು ಹಿಡಿದವರು ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರು. ದೊಡ್ಡ ಹುದ್ದೆಗಳಲ್ಲಿ ಹೆಚ್ಚಿನವು ಅವರ ಪಾಲಾದವು.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರ ಅಹವಾಲು ಕೇಳಿದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಿರಲಿಲ್ಲ, ಆಡಳಿತದ ದಕ್ಷತೆ ಕೆಡುತ್ತದೆ ಅನ್ನುವುದು ಅವರ ವಾದ. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ. 1921ರಲ್ಲಿ ಸರ್ಕಾರ ಆದೇಶ ಹೊರಡಿಸಿತು.

ಇಂಗ್ಲೆಂಡ್ ಕೇಳಿದ ಪ್ರಶ್ನೆ, ಯಾರು ಪಾಸಾದರು? ಮೈಸೂರು ಮೂವತ್ತು ವರ್ಷದಲ್ಲೇ ಇನ್ನೊಂದು ಪ್ರಶ್ನೆ ಕೇಳಿತು, ಪರೀಕ್ಷೆಯ ಕೋಣೆಯ ತನಕ ಬರಲು ಯಾರಿಗೆ ಸಾಧ್ಯವಾಯಿತು?

ನನ್ನಜ್ಜ ಶಾಲೆಗೆ ಹೋಗಿದ್ದ. ನಮ್ಮ ತೋಟಕ್ಕೆ ಕೊನೆಕೊಯ್ಲಿಗೆ ಬರುತ್ತಿದ್ದವರ ಅಜ್ಜ ಹೋಗಿರಲಿಲ್ಲ. ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ನನ್ನ ಓದಿನಿಂದಲೇ ಅಂತ ನಂಬಿದ್ದೆ. ಅದರಲ್ಲಿ ಅಜ್ಜನ ಶಾಲೆಯ ಪಾಲೂ ಇದೆ ಅಂತ ಈಗ ಅನ್ನಿಸುತ್ತಿದೆ.

ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ನೀವಾಗಿದ್ದರೆ ಹೇಗೆ ಹೇಳುತ್ತಿದ್ದಿರಿ?