ಹುಳು ಸಾಕಿದ ಮರಿಯಾ

ಮುಂಬಯಿಯ ನಮ್ಮ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡವಿದೆ. ಹೋದ ಮಳೆಗಾಲದಲ್ಲಿ ಒಗ್ಗರಣೆಗೆಂದು ಕೈಹಾಕಿದರೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಅಂಟಿತ್ತು. ಒರೆಸಹೋದೆ, ಅದು ನಡೆಯಿತು! ಕೆಲವು ದಿನಗಳಲ್ಲಿ ಹಸಿರಾಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಹೆದರಿಸತೊಡಗಿತು. ಗಿಡ ಬೋಳಾಯಿತು. ಮನೆಯವರು ಔಷಧಿ ಹೊಡಿ ಎಂದರು, ನನಗೆ ಮನಸ್ಸಾಗಲಿಲ್ಲ. ಆಮೇಲೆ ಅದು ಸೊಂಟಕ್ಕೆ ನೂಲು ಸುತ್ತಿ ಕಡ್ಡಿಗೆ ಬಿಗಿದುಕೊಂಡು ಕೋಶವಾಯಿತು. ಸುಮಾರು 10 ದಿನ ಕಳೆದು ಕಪ್ಪು ಪಾತರಗಿತ್ತಿ ಹೊರಬಂತು.

ಆ ಹುಳುವೇ ಈ ಚಿಟ್ಟೆ ಎಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 350 ವರ್ಷಗಳ ಹಿಂದೆ ಯುರೋಪಿನಲ್ಲಿ ಅನೇಕರು ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿ ಹುಟ್ಟುತ್ತವೆ ಎಂದೇ ನಂಬಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ 1647ರಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ನೋಡುತ್ತ ಕೂತವಳು. ಮಲತಂದೆ ಚಿತ್ರಕಾರ, ಕುಂಚ ಹಿಡಿಯಲು ಕಲಿತದ್ದು ಅವರಿಂದ. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಹುಳು ಸಾಕುವುದು ಮಾತ್ರ ನಿಲ್ಲಲಿಲ್ಲ. 1679ರಲ್ಲಿ ಆಕೆಯ ಮರಿಹುಳುಗಳ ಪುಸ್ತಕ ಬಂತು, 50 ಚಿತ್ರಗಳೊಂದಿಗೆ.

ಸೂಜಿ ಚುಚ್ಚಿದ ಸತ್ತ ಚಿಟ್ಟೆಯನ್ನು ಖಾಲಿ ಹಾಳೆಯ ಮೇಲೆ ಬರೆಯುವುದು ಆಗಿನ ರೂಢಿ. ಮರಿಯಾ ಹುಳು, ಕೋಶ, ಚಿಟ್ಟೆಗಳನ್ನು ಹುಳು ತಿನ್ನುವ ಗಿಡದ ಮೇಲೆಯೇ ಬರೆದಳು. ಯಾವ ಹುಳುವಿಗೆ ಯಾವ ಸೊಪ್ಪು ಎಂಬುದು ಸಾಕಿದವಳಿಗೇ ಗೊತ್ತಾಗುವ ಸಂಗತಿ. ನಾನು ಇಟ್ಟ ಕೊತ್ತಂಬರಿಯನ್ನು ನನ್ನ ಹುಳು ಮೂಸಲೂ ಇಲ್ಲ. ತಾಯಿಚಿಟ್ಟೆ ಮುಂಗಾಲಿನಿಂದಲೇ ಎಲೆಯ ರುಚಿ ನೋಡಿ ಮೊಟ್ಟೆ ಇಟ್ಟಿರುತ್ತದೆ. ಎಲೆ ಅಗಿಯುವ ದವಡೆ ಹುಳುವಿಗಿದೆ. ಚಿಟ್ಟೆಗೆ ಅದಿಲ್ಲ, ಸುರುಳಿ ಸುತ್ತಿದ ಹೀರುನಳಿಕೆ ಮಾತ್ರ. ನೀಲಿ ಚಿಟ್ಟೆಯೊಂದರ ರೆಕ್ಕೆಯನ್ನು ಮರಿಯಾ ಭೂತಗನ್ನಡಿಯಲ್ಲಿ ನೋಡಿದಾಗ ಹುರುಪೆಗಳು ಮನೆಯ ಹೆಂಚಿನಂತೆ ಸಾಲಾಗಿ ಕಂಡವಂತೆ.

1699ರಲ್ಲಿ, 52ರ ಪ್ರಾಯದಲ್ಲಿ, ಗಂಡನಿಂದ ದೂರವಾಗಿದ್ದ ಆಕೆ ತನ್ನ ಚಿತ್ರಗಳನ್ನು ಮಾರಿ, ಕಿರಿಮಗಳು ಡೊರೊಥಿಯಾಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಅದು ಡಚ್ಚರ ವಸಾಹತು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುವ ಇವಳನ್ನು ಕಂಡು ತೋಟದ ಧಣಿಗಳು ನಕ್ಕರು. ಕಾಡಿನಲ್ಲಿ ದಾರಿ ಕಡಿದುಕೊಟ್ಟವರು, ಹುಳು ತಂದುಕೊಟ್ಟವರು ಗುಲಾಮರು. ಜ್ವರ ಹಿಡಿದು 1701ರಲ್ಲಿ ಮರಳಿದಳು. 1705ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 60 ಚಿತ್ರಗಳ ದೊಡ್ಡ ಪುಸ್ತಕ ಹೊರಬಂತು.

ಅದರಲ್ಲಿ ಒಂದು ಚಿತ್ರ ನಮ್ಮ ರತ್ನಗಂಧಿಯದು. ಹೂವಿನ ಜೊತೆಗೆ ಹುಳು, ಪತಂಗ ಎಲ್ಲ ಇವೆ. ಪಕ್ಕದ ಬರಹ ಮಾತ್ರ ಬೇರೆ. ಹುಟ್ಟುವ ಮಕ್ಕಳು ಗುಲಾಮರಾಗಬಾರದೆಂದು ಹೆಂಗಸರು ಈ ಗಿಡದ ಬೀಜದಿಂದ ಬಸಿರು ಇಳಿಸಿಕೊಳ್ಳುತ್ತಾರೆ, ಅವರೇ ನನಗೆ ಹೇಳಿದರು ಎಂದು ಮರಿಯಾ ಬರೆದಿದ್ದಾಳೆ. ತೋಟದ ಧಣಿಗೆ ಹೇಳಲಾರದ್ದನ್ನು ಹುಳು ಹುಡುಕುತ್ತ ಬಂದ ಹೆಂಗಸಿಗೆ ಹೇಳಿದ್ದರು. ಆಕೆಯ ಹೆಸರು ಉಳಿಯಿತು. ಜರ್ಮನಿಯ 500 ಮಾರ್ಕಿನ ನೋಟಿನ ಮೇಲೂ ಆಕೆಯ ಮುಖವಿತ್ತು. ಹೇಳಿದವರ ಹೆಸರು ಪುಸ್ತಕದಲ್ಲಿಲ್ಲ.

ನಮ್ಮ ಸೊಸೈಟಿಯ ಗೇಟಿನ ಪಕ್ಕ ಅದೇ ರತ್ನಗಂಧಿ ಇದೆ. ಬೆಳಗ್ಗೆ ದೇವರ ಪೂಜೆಗೆ ಅದರ ಹೂ ಕೊಯ್ಯುತ್ತೇವೆ.